ಒಂದು ಸೀರೆ, ಮೂರು ಗೋದಾಮು: ಆನ್‌ಲೈನ್ ಅಂಗಡಿಯ ದಾಸ್ತಾನು ಲೆಕ್ಕ

ದೀಪಾವಳಿಗೆ ವಾರ ಉಳಿದಿರುವಾಗ ಹುಬ್ಬಳ್ಳಿಯ ಜವಳಿ ಅಂಗಡಿಗಳ ಗಾದಿಯ ಮೇಲೆ ಇಳಕಲ್ ಸೀರೆಗಳ ಮಡಿಕೆ ಬಿಚ್ಚುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಮೈಸೂರಿನ ಗ್ರಾಹಕರೊಬ್ಬರು ಅಂಥದೇ ಒಂದು ಅಂಗಡಿಯ ಜಾಲತಾಣದಲ್ಲಿ ಸೀರೆಯ ಸೆರಗನ್ನು ಹಿಗ್ಗಿಸಿ ನೋಡುತ್ತಿರುತ್ತಾರೆ, ಪುಣೆಯ ಇನ್ನೊಬ್ಬರು ಆಗಲೇ ಹಣ ಪಾವತಿಯ ಪುಟಕ್ಕೆ ಬಂದಿರುತ್ತಾರೆ, ಅಂಗಡಿಯ ಗಾದಿಯ ಮೇಲೆ ಕುಳಿತವರು ಅದೇ ಸೀರೆಯನ್ನು ಕೈಗೆತ್ತಿಕೊಂಡು ಬಿಲ್ ಹಾಕಲು ಹೇಳುತ್ತಿರುತ್ತಾರೆ. ಕೊಳ್ಳುವವರು ಮೂವರಿದ್ದು ಸೀರೆ ಒಂದೇ ಇದ್ದರೆ, ಅದು ಯಾರಿಗೆ ಸಲ್ಲಬೇಕೆಂಬುದನ್ನು ವ್ಯಾಪಾರಿಯ ಬದಲು ಅಂಗಡಿಯ ತಂತ್ರಾಂಶದಲ್ಲಿ ಎಂದೋ ಮಾಡಿಟ್ಟ ಕೆಲವು ಹೊಂದಾಣಿಕೆಗಳು ತೀರ್ಮಾನಿಸುತ್ತವೆ.

ಆನ್‌ಲೈನ್‌ನಲ್ಲಿ ಕೊಂಡ ವಸ್ತು ‘ದಾಸ್ತಾನು ಇಲ್ಲದ ಕಾರಣ’ ರದ್ದಾದ ಸಂದೇಶವನ್ನೋ, ಒಂದೇ ಆರ್ಡರಿನ ಎರಡು ವಸ್ತುಗಳು ಎರಡು ಊರುಗಳಿಂದ ಎರಡು ದಿನ ಬಂದದ್ದನ್ನೋ ನೋಡದ ಗ್ರಾಹಕರು ಕಡಿಮೆ. ಇವೆರಡರ ಮೂಲವೂ ಒಂದೇ ಪ್ರಶ್ನೆಯಲ್ಲಿದೆ: ಸರಕು ಹಲವು ಸ್ಥಳಗಳಲ್ಲಿ ಹಂಚಿಹೋಗಿರುವಾಗ ಅಂಗಡಿಯು ತನ್ನಲ್ಲಿ ಎಷ್ಟಿದೆಯೆಂದು ಹೇಳಬೇಕು, ಮತ್ತು ಬಂದ ಆರ್ಡರನ್ನು ಯಾವ ಸ್ಥಳಕ್ಕೆ ಒಪ್ಪಿಸಬೇಕು?

ಒಂದು ಅಂಕಿಯಿಂದ ಸಾವಿರ ಅಂಕಿಗೆ

ಆನ್‌ಲೈನ್ ಅಂಗಡಿಯ ತಂತ್ರಾಂಶಗಳು ಹುಟ್ಟಿದ್ದು ಸಣ್ಣ ವ್ಯಾಪಾರದ ಅಗತ್ಯದಿಂದ. ಕೆನಡಾದ ಒಟ್ಟಾವದಲ್ಲಿ 2004ರ ಸುಮಾರಿಗೆ ಟೋಬಿಯಾಸ್ ಲುಟ್ಕೆ ಮತ್ತು ಅವರ ಸಂಗಡಿಗರು ಹಿಮದ ಮೇಲೆ ಜಾರುವ ಹಲಗೆಗಳನ್ನು ಮಾರಲೆಂದು ಸ್ನೋಡೆವಿಲ್ ಎಂಬ ಜಾಲತಾಣ ಕಟ್ಟಿದರು; ಹಲಗೆಗಳಿಗಿಂತ ಅವುಗಳನ್ನು ಮಾರಲು ಬರೆದ ತಂತ್ರಾಂಶವೇ ಹೆಚ್ಚು ಬೆಲೆ ಬಾಳುವುದೆಂದು ತಿಳಿದು 2006ರಲ್ಲಿ ಅದನ್ನು ಶಾಪಿಫೈ ಎಂಬ ಹೆಸರಿನಲ್ಲಿ ಇತರ ವ್ಯಾಪಾರಿಗಳಿಗೆ ತೆರೆದರು. ಇಂಥ ಅಂಗಡಿಗೆ ಒಂದು ಗೋದಾಮು ಇದ್ದರೆ ಸಾಕಾಗಿತ್ತು. ಪ್ರತಿ ವಸ್ತುವಿನ ಎದುರು ಒಂದು ಅಂಕಿ ಬರೆದಿಟ್ಟು, ಮಾರಿದಾಗಲೆಲ್ಲ ಒಂದನ್ನು ಕಳೆದರೆ ಲೆಕ್ಕ ಮುಗಿಯುತ್ತಿತ್ತು.

ವ್ಯಾಪಾರ ಬೆಳೆದು ಎರಡನೆಯ ಗೋದಾಮು, ಮೂರನೆಯ ಮಳಿಗೆ ಬಂದಾಗ ಆ ಒಂದು ಅಂಕಿ ಸಾಲದಾಯಿತು. ದೊಡ್ಡ ಅಂಗಡಿಗಳು ಬಳಸುವ ಮಜೆಂಟೊ ತಂತ್ರಾಂಶವು ಹಲವು ಸ್ಥಳಗಳ ದಾಸ್ತಾನನ್ನು ತನ್ನ ಮೂಲ ರಚನೆಯಲ್ಲೇ ಸೇರಿಸಿಕೊಂಡದ್ದು 2018ರ ನವೆಂಬರ್‌ನಲ್ಲಿ, ಅದರ 2.3ನೇ ಆವೃತ್ತಿಯೊಂದಿಗೆ. ಸಣ್ಣ ವ್ಯಾಪಾರಿಗಳಲ್ಲಿ ಬಹಳ ಬಳಕೆಯಲ್ಲಿರುವ ವೂಕಾಮರ್ಸ್‌ನ ಮೂಲ ತಂತ್ರಾಂಶ ಈಗಲೂ ಒಂದು ವಸ್ತುವಿಗೆ ಒಂದೇ ಅಂಕಿಯನ್ನು ಇಡುತ್ತದೆ. ಹಲವು ಸ್ಥಳಗಳು ಬೇಕೆಂದರೆ ಬೇರೆ ಜೋಡಣೆಯನ್ನು ಹಾಕಿಕೊಳ್ಳಬೇಕು.

ಅಂಕಿಗಳು ಎಷ್ಟು ಬೇಗ ಬೆಳೆಯುತ್ತವೆಂಬುದನ್ನು ಇಳಕಲ್ ಸೀರೆಯಿಂದಲೇ ನೋಡಬಹುದು. ಒಡಲು, ದಡಿ, ಸೆರಗು ಎಂಬ ಮೂರು ಭಾಗಗಳ ಈ ಸೀರೆಯಲ್ಲಿ ಒಡಲಿನ ಹಾಸು ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಲಾಗುತ್ತದೆ. ದಡಿಯಲ್ಲಿ ಚಿಕ್ಕಿ ಪರಾಸ, ಗೋಮಿ ಮೊದಲಾದ ಬಗೆಗಳಿವೆ. ಅಂಗಡಿಯೊಂದು ಒಡಲಿನ ನೂಲಿನಲ್ಲಿ ಮೂರು ಬಗೆ, ದಡಿಯಲ್ಲಿ ನಾಲ್ಕು ಬಗೆ, ಉದ್ದದಲ್ಲಿ ಎರಡು ಬಗೆ, ಬಣ್ಣದಲ್ಲಿ ಹದಿನೈದು ಬಗೆ ಇಟ್ಟುಕೊಂಡರೆ 360 ಬಗೆಯ ಸೀರೆಗಳಾಗುತ್ತವೆ. ಪ್ರತಿ ಬಗೆಗೂ ಅಂಗಡಿ ಕೊಡುವ ಗುರುತಿನ ಸಂಕೇತವನ್ನು ವ್ಯಾಪಾರದಲ್ಲಿ ಎಸ್‌ಕೆಯು ಎನ್ನುತ್ತಾರೆ. ಈ 360 ಸಂಕೇತಗಳ ಸರಕು ಇಳಕಲ್‌ನ ನೇಯ್ಗೆಯ ಸ್ಥಳ, ಹುಬ್ಬಳ್ಳಿಯ ಮಳಿಗೆ, ಬೆಂಗಳೂರಿನ ಗೋದಾಮು ಎಂಬ ಮೂರು ಕಡೆ ಇದ್ದರೆ ಪ್ರತಿದಿನ ಸರಿಯಾಗಿರಬೇಕಾದ ಅಂಕಿಗಳು 1,080.

ಕಪಾಟಿನ ಲೆಕ್ಕ, ಮಾತಿನ ಲೆಕ್ಕ

ಹಲವು ಸ್ಥಳಗಳ ದಾಸ್ತಾನಿನಲ್ಲಿ ಮೊದಲು ತಿಳಿಯಬೇಕಾದದ್ದು, ಕಪಾಟಿನಲ್ಲಿ ಇರುವ ಸರಕಿಗೂ ಗ್ರಾಹಕರಿಗೆ ಕೊಡುತ್ತೇವೆಂದು ಮಾತು ಕೊಡಬಹುದಾದ ಸರಕಿಗೂ ಇರುವ ವ್ಯತ್ಯಾಸ. ಶಾಪಿಫೈ ಪ್ರತಿ ಸ್ಥಳದ ಸರಕನ್ನು ಮೂರು ಪಾಲು ಮಾಡಿ ತೋರಿಸುತ್ತದೆ: ಮಾರಲು ಲಭ್ಯವಿರುವುದು, ಆರ್ಡರಿಗೆ ಒಪ್ಪಿಸಿದ್ದರೂ ಇನ್ನೂ ಹೊರಟಿರದಿರುವುದು, ಹಾಳಾಗಿಯೋ ತಪಾಸಣೆಯಲ್ಲಿದ್ದೋ ಮಾರಲಾಗದಿರುವುದು. ಈ ಮೂರನ್ನು ಕೂಡಿದರೆ ಕಪಾಟಿನ ಮೊತ್ತ ಸಿಗುತ್ತದೆ. ಇನ್ನೊಂದೆಡೆಯಿಂದ ಹೊರಟು ದಾರಿಯಲ್ಲಿರುವ ಸರಕನ್ನು ಅದು ಬೇರೆಯಾಗಿಯೇ ಇಡುತ್ತದೆ.

ಮಜೆಂಟೊದ ಕ್ರಮ ಬೇರೆ. ಸರಕು ನಿಜವಾಗಿ ಇರುವ ಪ್ರತಿ ಸ್ಥಳ ಅಲ್ಲಿ ಒಂದು ಮೂಲ; ಕೆಲವು ಮೂಲಗಳನ್ನು ಕೂಡಿಸಿ ಒಂದು ದಾಸ್ತಾನು ಮಾಡಿ, ಅದನ್ನು ಒಂದು ಜಾಲತಾಣಕ್ಕೆ ಗಂಟು ಹಾಕಲಾಗುತ್ತದೆ. ಆರ್ಡರ್ ಬಂದಾಗ ಮೂಲದ ಅಂಕಿಯನ್ನು ಕೂಡಲೇ ಕಡಿಮೆ ಮಾಡದೆ, ಇಷ್ಟು ಸರಕು ಕಾದಿರಿಸಲಾಗಿದೆ ಎಂಬ ಋಣ ನಮೂದನ್ನು ಬರೆಯಲಾಗುತ್ತದೆ. ಸಾಂಪ್ರದಾಯಿಕ ಕಿರ್ದಿ ಪುಸ್ತಕದಲ್ಲಿ ಹಳೆಯ ಸಾಲನ್ನು ಅಳಿಸದೆ ಎದುರು ಸಾಲು ಬರೆದು ಲೆಕ್ಕ ಸರಿದೂಗಿಸುವಂತೆಯೇ, ಇಲ್ಲಿಯೂ ಬರೆದ ನಮೂದನ್ನು ತಿದ್ದುವುದಿಲ್ಲ. ಸರಕು ಹೊರಟಾಗ ಅಥವಾ ಆರ್ಡರ್ ರದ್ದಾದಾಗ ಅಷ್ಟೇ ಮೊತ್ತದ ಧನ ನಮೂದು ಸೇರುತ್ತದೆ.

ಒಂದು ಉದಾಹರಣೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಒಂದು ಎಸ್‌ಕೆಯುವಿನ ಸೀರೆ ಇಳಕಲ್‌ನಲ್ಲಿ 4, ಹುಬ್ಬಳ್ಳಿಯಲ್ಲಿ 3, ಬೆಂಗಳೂರಿನಲ್ಲಿ 5 ಇದ್ದು, ಅಂಗಡಿಯವರು ಎರಡನ್ನು ಮಾರದೆ ಉಳಿಸುವಂತೆ ಮಿತಿ ಹಾಕಿದ್ದಾರೆಂದುಕೊಂಡರೆ, ಕಪಾಟಿನಲ್ಲಿ 12 ಇದ್ದರೂ ಜಾಲತಾಣ ಮಾರಬಹುದಾದದ್ದು 10. ಮೂರು ಸೀರೆಗಳ ಆರ್ಡರ್ ಬಂದೊಡನೆ ಮಾರಬಹುದಾದದ್ದು 7ಕ್ಕೆ ಇಳಿಯುತ್ತದೆ, ಕಪಾಟಿನ ಲೆಕ್ಕ 12ರಲ್ಲೇ ಇರುತ್ತದೆ. ಮರುದಿನ ಹುಬ್ಬಳ್ಳಿಯಿಂದ ಮೂರೂ ಸೀರೆಗಳು ಕೊರಿಯರ್‌ಗೆ ಹೋದಾಗ ಕಪಾಟಿನ ಲೆಕ್ಕ 9ಕ್ಕೆ ಇಳಿದು, ಕಾದಿರಿಸಿದ ನಮೂದು ಸರಿದೂಗಿ, ಮಾರಬಹುದಾದದ್ದು 7ರಲ್ಲೇ ನಿಲ್ಲುತ್ತದೆ. ಆರ್ಡರ್ ರದ್ದಾಗಿದ್ದರೆ ಅದು ಮತ್ತೆ 10ಕ್ಕೆ ಏರುತ್ತಿತ್ತು.

ಕಾದಿರಿಸುವ ಗಳಿಗೆ

ಸರಕನ್ನು ಯಾವ ಗಳಿಗೆಯಲ್ಲಿ ಕಾದಿರಿಸಬೇಕೆಂಬುದು ನೋಡಲು ಸಣ್ಣದಾದರೂ ಪರಿಣಾಮದಲ್ಲಿ ದೊಡ್ಡ ಪ್ರಶ್ನೆ. ಬುಟ್ಟಿಗೆ ಹಾಕಿದೊಡನೆ ಕಾದಿರಿಸಿದರೆ, ಕೊಳ್ಳುವ ಮನಸ್ಸಿಲ್ಲದೆ ಬುಟ್ಟಿ ತುಂಬಿಸಿ ಹೋಗುವವರಿಂದ ನಿಜವಾದ ಗ್ರಾಹಕರಿಗೆ ಸರಕು ಸಿಗದಂತಾಗುತ್ತದೆ. ಹಣ ಬಂದ ಮೇಲಷ್ಟೇ ಕಾದಿರಿಸಿದರೆ, ಯುಪಿಐ ಪಾವತಿ ಪೂರ್ಣಗೊಳ್ಳುವ ಕೆಲವು ನಿಮಿಷಗಳಲ್ಲಿ ಕೊನೆಯ ಸೀರೆ ಇಬ್ಬರಿಗೆ ಮಾರಾಟವಾಗಬಹುದು. ವೂಕಾಮರ್ಸ್ ಇದಕ್ಕೆ ನಡುದಾರಿ ಹಿಡಿದು, ಹಣ ಪಾವತಿಯಾಗದ ಆರ್ಡರಿಗೆ ಸರಕನ್ನು 60 ನಿಮಿಷ ಹಿಡಿದಿಟ್ಟು, ಆಮೇಲೆ ಆರ್ಡರನ್ನು ರದ್ದುಮಾಡಿ ಸರಕನ್ನು ಬಿಡುಗಡೆ ಮಾಡುವ ಹೊಂದಾಣಿಕೆಯೊಂದಿಗೇ ಬರುತ್ತದೆ. ಹಬ್ಬದ ವ್ಯಾಪಾರದಲ್ಲಿ ಆ ಅವಧಿಯನ್ನು ಕಡಿಮೆ ಮಾಡುವುದು ವ್ಯಾಪಾರಿಯ ಕೈಯಲ್ಲಿದೆ.

ಸರಕು ಮುಗಿದ ಮೇಲೂ ಆರ್ಡರ್ ತೆಗೆದುಕೊಳ್ಳುವ ಅವಕಾಶವನ್ನು ಬಹುತೇಕ ಎಲ್ಲ ತಂತ್ರಾಂಶಗಳೂ ಕೊಡುತ್ತವೆ. ಅದೇ ಬಗೆಯ ಸೀರೆಯನ್ನು ಮಗ್ಗದಿಂದ ಮತ್ತೆ ತರಿಸಬಹುದಾದಲ್ಲಿ ಇದು ಉಪಯುಕ್ತ. ಆದರೆ ಒಂದೇ ಒಂದು ನೇಯ್ದ ವಿಶೇಷ ಸೀರೆಗೆ ಈ ಗುಂಡಿ ಒತ್ತಿಹೋಗಿದ್ದರೆ ಆರ್ಡರುಗಳು ಬರುತ್ತಲೇ ಇರುತ್ತವೆ, ಕೊಡಲು ಸೀರೆ ಮಾತ್ರ ಇರುವುದಿಲ್ಲ.

ಸರಕು ಅಂಗಡಿಯ ಸ್ವಂತ ಜಾಲತಾಣದ ಜೊತೆಗೆ ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಮಾರುಕಟ್ಟೆಗಳಲ್ಲೂ ಇದ್ದರೆ ತೊಡಕು ಇನ್ನೂ ಹೆಚ್ಚುತ್ತದೆ. ಒಂದೆಡೆ ಮಾರಾಟವಾದದ್ದು ಇನ್ನೊಂದೆಡೆಗೆ ತಿಳಿಯಲು ಹಿಡಿಯುವ ಹೊತ್ತಿನಲ್ಲಿ ಅದೇ ಸರಕು ಮತ್ತೊಮ್ಮೆ ಮಾರಾಟವಾಗಬಹುದು. ಅಮೆಜಾನ್ ಮಾರಾಟಗಾರರ ಕಡೆಯಿಂದ ರದ್ದಾಗುವ ಆರ್ಡರುಗಳ ಪ್ರಮಾಣ ಶೇ 2.5ರ ಒಳಗಿರಬೇಕೆಂದು ನಿಯಮ ಮಾಡಿದೆ. ನೂರರಲ್ಲಿ ಮೂರು ತಪ್ಪಿದರೂ ಮಾರಾಟಗಾರರ ಖಾತೆಗೆ ಕುತ್ತು. ಆದುದರಿಂದಲೇ ಅನುಭವಿ ವ್ಯಾಪಾರಿಗಳು ಪ್ರತಿ ಮಾರುಕಟ್ಟೆಗೂ ತಮ್ಮಲ್ಲಿರುವುದಕ್ಕಿಂತ ಒಂದೆರಡು ಕಡಿಮೆ ಅಂಕಿಯನ್ನೇ ಕಳಿಸುತ್ತಾರೆ.

ಆರ್ಡರ್ ಯಾವ ಊರಿಗೆ?

ಮಾತು ಕೊಟ್ಟಾದ ಮೇಲೆ ಅದನ್ನು ಯಾವ ಸ್ಥಳ ಉಳಿಸಿಕೊಡಬೇಕೆಂಬ ಪ್ರಶ್ನೆ ಬರುತ್ತದೆ. ಶಾಪಿಫೈ ಆರ್ಡರ್ ಬಂದೊಡನೆ ಅದನ್ನು ಒಂದು ಸ್ಥಳಕ್ಕೆ ಒಪ್ಪಿಸಿಬಿಡುತ್ತದೆ. ಮಜೆಂಟೊ ಸರಕು ಹೊರಡುವವರೆಗೆ ಆ ನಿರ್ಧಾರವನ್ನು ಮುಂದೂಡಿ, ಆಗ ಯಾವ ಮೂಲದಿಂದ ಎಷ್ಟು ಕಳಿಸಬಹುದೆಂದು ಸಲಹೆ ಕೊಡುತ್ತದೆ. ಮೊದಲನೆಯದರಲ್ಲಿ ಕೆಲಸ ಬೇಗ ಶುರುವಾಗುತ್ತದೆ, ಎರಡನೆಯದರಲ್ಲಿ ನಡುವೆ ಪರಿಸ್ಥಿತಿ ಬದಲಾದರೆ ನಿರ್ಧಾರವನ್ನೂ ಬದಲಿಸಲು ಎಡೆಯಿರುತ್ತದೆ.

ಆಯ್ಕೆಯ ನಿಯಮಗಳು ಸಾಮಾನ್ಯವಾಗಿ ಮೂರು. ವ್ಯಾಪಾರಿ ಬರೆದಿಟ್ಟ ಆದ್ಯತೆಯ ಪಟ್ಟಿಯಲ್ಲಿ ಮೇಲಿರುವ ಸ್ಥಳವನ್ನು ಮೊದಲು ನೋಡುವುದು ಒಂದು. ಗ್ರಾಹಕರಿಗೆ ಹತ್ತಿರದ ಸ್ಥಳವನ್ನು ಹುಡುಕುವುದು ಇನ್ನೊಂದು. ಆರ್ಡರಿನ ಎಲ್ಲ ವಸ್ತುಗಳೂ ಒಂದೇ ಪಾರ್ಸೆಲ್‌ನಲ್ಲಿ ಹೋಗುವಂಥ ಸ್ಥಳವನ್ನು ಆರಿಸುವುದು ಮತ್ತೊಂದು. ಈ ಮೂರೂ ಒಂದಕ್ಕೊಂದು ಎದುರಾಗುವುದುಂಟು. ಬಾಗಲಕೋಟೆಯ ಗ್ರಾಹಕರು ಸೀರೆ ಮತ್ತು ಖಣದ ಬಟ್ಟೆಯನ್ನು ಒಟ್ಟಿಗೆ ಬಯಸಿದಾಗ, ಸೀರೆ ಹತ್ತಿರದ ಇಳಕಲ್‌ನಲ್ಲಿದ್ದು ಎರಡೂ ವಸ್ತು ಒಂದೇ ಕಡೆ ಸಿಗುವುದು ಬೆಂಗಳೂರಿನಲ್ಲಷ್ಟೇ ಆದರೆ, ಎರಡು ಕೊರಿಯರ್ ಶುಲ್ಕ ಕೊಟ್ಟು ಬೇಗ ತಲುಪಿಸುವುದೋ, ಒಂದೇ ಶುಲ್ಕದಲ್ಲಿ ಒಂದು ದಿನ ತಡವಾಗಿ ತಲುಪಿಸುವುದೋ ಎಂಬುದನ್ನು ಯಂತ್ರ ತಾನಾಗಿ ಬಲ್ಲದು ಎನ್ನಲಾಗದು. ಯಾವ ನಿಯಮ ಮೊದಲು ಎಂದು ವ್ಯಾಪಾರಿಯೇ ಹೇಳಿಕೊಡಬೇಕು.

ಹತ್ತಿರವೆಂಬುದನ್ನು ಅಳೆಯುವುದೂ ಸುಲಭವಲ್ಲ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಆರಂಕಿಯ ಪಿನ್‌ಕೋಡ್ ಅಂಚೆಯ ವಿಂಗಡಣೆಗಾಗಿ ಮಾಡಿದ್ದೇ ಹೊರತು ದೂರ ಅಳೆಯಲೆಂದಲ್ಲ. ಇಳಕಲ್‌ನ ಪಿನ್‌ಕೋಡ್ 587ರಿಂದ ಆರಂಭವಾದರೆ, ಹೆದ್ದಾರಿಯಲ್ಲಿ ಅದರ ನೆರೆಯ ಕುಷ್ಟಗಿ ಕೊಪ್ಪಳ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿಯದು 583ರಿಂದ ಆರಂಭವಾಗುತ್ತದೆ. ಅಂಕಿಗಳ ಗುಂಪು ನೋಡಿ ಸ್ಥಳ ಹಂಚುವ ಅಂಗಡಿ ಕುಷ್ಟಗಿಯ ಆರ್ಡರನ್ನು ದೂರದ ಗೋದಾಮಿಗೆ ಕಳಿಸಿಬಿಡಬಹುದು. ಮಜೆಂಟೊದಂಥ ತಂತ್ರಾಂಶಗಳು ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಹಿಡಿದು ದೂರ ಎಣಿಸುವುದು ಈ ಕಾರಣಕ್ಕೆ.

ಹತ್ತು ನಿಮಿಷದಲ್ಲಿ ದಿನಸಿ ತಲುಪಿಸುವ ಸೇವೆಗಳು ಇದೇ ತತ್ತ್ವವನ್ನು ತುದಿಮುಟ್ಟಿಸಿವೆ. ಅವುಗಳ ಪ್ರತಿ ಸಣ್ಣ ಗೋದಾಮೂ ಪ್ರತ್ಯೇಕ ಸ್ಥಳವಾಗಿದ್ದು, ಗ್ರಾಹಕರ ಹತ್ತಿರದ ಗೋದಾಮಿನ ದಾಸ್ತಾನನ್ನಷ್ಟೇ ಮೊಬೈಲ್ ತೋರಿಸುತ್ತದೆ. ಬೆಂಗಳೂರಿನ ಜಯನಗರದಲ್ಲಿ ಕಂಡ ಸಾಬೂನು ಯಲಹಂಕದಲ್ಲಿ ಅದೇ ಮೊಬೈಲಿನಲ್ಲಿ ಕಾಣದಿರುವುದಕ್ಕೆ ಕಾರಣ ಇಷ್ಟೇ.

ಸ್ಥಳ ಹೆಚ್ಚಿದರೆ ಸರಕೂ ಹೆಚ್ಚಬೇಕು

ಗೋದಾಮುಗಳು ಹೆಚ್ಚಿದಷ್ಟೂ ಗ್ರಾಹಕರಿಗೆ ಹತ್ತಿರವಾಗುವುದು ನಿಜ. ಆದರೆ ಅದಕ್ಕೆ ಬೆಲೆಯಿದೆ. ಬೇಡಿಕೆ ಯಾವಾಗ ಏರುವುದೋ ಎಂಬ ಅನಿಶ್ಚಿತತೆಗಾಗಿ ಪ್ರತಿ ಸ್ಥಳವೂ ಕೊಂಚ ಸರಕನ್ನು ಹೆಚ್ಚಾಗಿ ಇಟ್ಟುಕೊಳ್ಳಬೇಕಾಗುತ್ತದೆ; ಇದು ಸುರಕ್ಷತಾ ದಾಸ್ತಾನು. ಒಂದೇ ಗೋದಾಮಿನಲ್ಲಿ ಒಂದು ಊರಿನ ಏರಿಕೆಯನ್ನು ಇನ್ನೊಂದರ ಇಳಿಕೆ ಸರಿದೂಗಿಸುತ್ತದೆ, ಸರಕು ಚದುರಿದರೆ ಆ ಅನುಕೂಲ ತಪ್ಪಿಹೋಗುತ್ತದೆ. 1976ರಲ್ಲಿ ಡೇವಿಡ್ ಮೈಸ್ಟರ್ ವಿವರಿಸಿದ ವರ್ಗಮೂಲದ ನಿಯಮದ ಪ್ರಕಾರ, ಸ್ಥಳಗಳ ಬೇಡಿಕೆ ಒಂದನ್ನೊಂದು ಅವಲಂಬಿಸದೆ ಸರಿಸುಮಾರು ಸಮವಾಗಿದ್ದರೆ, ಒಟ್ಟು ಸುರಕ್ಷತಾ ದಾಸ್ತಾನು ಸ್ಥಳಗಳ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ಬೆಳೆಯುತ್ತದೆ. ಒಂದು ಗೋದಾಮು ನಾಲ್ಕಾದರೆ ಎರಡು ಪಟ್ಟು, ಒಂಬತ್ತಾದರೆ ಮೂರು ಪಟ್ಟು.

ವ್ಯಾಪಾರಿಗಳು ಇದರಿಂದ ಒಂದು ಸರಳ ಪಾಠ ತೆಗೆದುಕೊಂಡಿದ್ದಾರೆ: ದಿನವೂ ಮಾರಾಟವಾಗುವ ಸರಕನ್ನು ಎಲ್ಲ ಸ್ಥಳಗಳಲ್ಲೂ ಇಡುವುದು, ಅಪರೂಪಕ್ಕೆ ಹೋಗುವ ದುಬಾರಿ ಸರಕನ್ನು ಒಂದೇ ಕಡೆ ಇಟ್ಟು ಅಲ್ಲಿಂದಲೇ ಕಳಿಸುವುದು. ಹತ್ತಿಯ ಇಳಕಲ್ ಸೀರೆ ಮೂರೂ ಕಡೆ ಇರಬಹುದು. ಅಪ್ಪಟ ರೇಷ್ಮೆಯದಕ್ಕೆ ಒಂದು ಕಪಾಟು ಸಾಕು.

ತೆರಿಗೆಯ ಗಡಿಗಳು

ತಂತ್ರಾಂಶದಲ್ಲಿ ಹೊಸ ಸ್ಥಳ ಸೇರಿಸಲು ಒಂದು ನಿಮಿಷ ಸಾಕು. ಭಾರತದ ಕಾನೂನಿನಲ್ಲಿ ಅಷ್ಟು ಸಾಲದು. 2017ರ ಜುಲೈ 1ರಂದು ಜಾರಿಯಾದ ಜಿಎಸ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ರಾಜ್ಯವಾರು. ಇಳಕಲ್, ಹುಬ್ಬಳ್ಳಿ, ಬೆಂಗಳೂರು ಮೂರೂ ಕರ್ನಾಟಕದಲ್ಲಿರುವುದರಿಂದ ಒಂದೇ ಜಿಎಸ್‌ಟಿ ಸಂಖ್ಯೆ ಸಾಕು. ಆದರೆ ಮುಖ್ಯ ಸ್ಥಳವಲ್ಲದ ಪ್ರತಿಯೊಂದನ್ನೂ ಹೆಚ್ಚುವರಿ ವ್ಯವಹಾರ ಸ್ಥಳವೆಂದು ನೋಂದಣಿಯಲ್ಲಿ ಸೇರಿಸಬೇಕು, ಪ್ರಮಾಣಪತ್ರವನ್ನು ಅಲ್ಲಿ ಎದ್ದು ಕಾಣುವಂತೆ ತೂಗುಹಾಕಬೇಕು.

ಅದೇ ಅಂಗಡಿ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಗೋದಾಮು ತೆರೆದರೆ ಆ ರಾಜ್ಯದಲ್ಲಿ ಬೇರೆ ನೋಂದಣಿ ಬೇಕು. ಒಂದೇ ಪ್ಯಾನ್ ಇದ್ದರೂ ಎರಡು ರಾಜ್ಯಗಳ ನೋಂದಣಿಗಳನ್ನು ಕಾನೂನು ಬೇರೆ ಬೇರೆ ವ್ಯಕ್ತಿಗಳೆಂದೇ ನೋಡುತ್ತದೆ. ಹೀಗಾಗಿ ಹುಬ್ಬಳ್ಳಿಯಿಂದ ಹೈದರಾಬಾದಿಗೆ ತನ್ನದೇ ಸರಕನ್ನು ಸಾಗಿಸುವುದೂ ತೆರಿಗೆಗೆ ಒಳಪಡುವ ಪೂರೈಕೆಯೆನಿಸಿ, ಅದಕ್ಕೆ ಇನ್‌ವಾಯ್ಸ್ ಬರೆದು ಐಜಿಎಸ್‌ಟಿ ಲೆಕ್ಕ ಹಾಕಬೇಕು. ಕಟ್ಟಿದ ತೆರಿಗೆ ಮುಂದೆ ಜಮೆಯಾಗಿ ಸಿಗುವುದಾದರೂ, ಸರಕು ಮಾರಾಟವಾಗುವವರೆಗೆ ಅಷ್ಟು ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ.

ರಾಜ್ಯದೊಳಗೆ ಒಂದೇ ನೋಂದಣಿಯ ಸ್ಥಳಗಳ ನಡುವಿನ ಸಾಗಣೆಗೆ ತೆರಿಗೆಯಿಲ್ಲ, ಡೆಲಿವರಿ ಚಲನ್ ಸಾಕು. ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಎಂಬ ಎಲೆಕ್ಟ್ರಾನಿಕ್ ಸಾಗಣೆ ಪತ್ರವೂ ಬೇಕಾಗುತ್ತದೆ. ರಾಜ್ಯದೊಳಗಿನ ಸಾಗಣೆಗೂ ಇ-ವೇ ಬಿಲ್ಲನ್ನು 2018ರ ಏಪ್ರಿಲ್ 1ರಂದೇ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಜಿಎಸ್‌ಟಿಗೂ ಮುನ್ನ ಇಲ್ಲಿ ಇ-ಸುಗಮ ಎಂಬ ಇಂಥದೇ ಪದ್ಧತಿ ಬಳಕೆಯಲ್ಲಿದ್ದುದು ಇದಕ್ಕೆ ನೆರವಾಯಿತು.

ಮರಳಿ ಬಂದ ಸರಕು

ಹೋದ ಸರಕಿಗಿಂತ ಮರಳಿ ಬಂದ ಸರಕು ಲೆಕ್ಕವನ್ನು ಹೆಚ್ಚು ಕೆಡಿಸುತ್ತದೆ. ತಲುಪಿದ ಮೇಲೆ ಹಣ ಕೊಡುವ ಕ್ರಮದಲ್ಲಿ ಗ್ರಾಹಕರು ಬಾಗಿಲಲ್ಲೇ ಬೇಡವೆಂದರೆ ಪಾರ್ಸೆಲ್ ಹೊರಟ ಸ್ಥಳಕ್ಕೆ ಮರಳುತ್ತದೆ; ಕೊರಿಯರ್ ವ್ಯವಹಾರದಲ್ಲಿ ಇದನ್ನು ಆರ್‌ಟಿಒ ಎನ್ನುತ್ತಾರೆ. ಪಾರ್ಸೆಲ್ ಇನ್ನೂ ದಾರಿಯಲ್ಲಿರುವಾಗಲೇ ತಂತ್ರಾಂಶ ಅದನ್ನು ದಾಸ್ತಾನಿಗೆ ಸೇರಿಸಿದರೆ ಕೈಗೆ ಸಿಗದ ಸೀರೆ ಮತ್ತೊಮ್ಮೆ ಮಾರಾಟವಾಗುತ್ತದೆ. ಬಂದ ಸೀರೆಯ ಮಡಿಕೆ, ಕಲೆ, ಸೆರಗಿನ ಕೊಂಡಿ ನೋಡದೆ ಲಭ್ಯ ಸರಕಿಗೆ ಸೇರಿಸಿದರೆ ಮುಂದಿನ ಗ್ರಾಹಕರಿಂದಲೂ ಅದು ಮರಳುತ್ತದೆ. ಆದಕಾರಣ ಮರಳಿದ ಸರಕು ಯಾವ ಸ್ಥಳಕ್ಕೆ ಬರಬೇಕು, ಯಾರು ನೋಡಿ ಸಹಿ ಹಾಕಿದ ಮೇಲೆ ಲಭ್ಯವೆಂದು ತೋರಿಸಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು.

ಇದರಲ್ಲಿ ಗ್ರಾಹಕರ ಹಕ್ಕೂ ಸೇರಿದೆ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಮಾರಾಟ ಸಂಸ್ಥೆಯು ತಾನೇ ಆರ್ಡರ್ ರದ್ದುಮಾಡಿದಾಗ ಅಂಥದೇ ಶುಲ್ಕವನ್ನು ತಾನೂ ಹೊರದಿದ್ದರೆ, ರದ್ದುಮಾಡಿದ ಗ್ರಾಹಕರಿಂದ ಶುಲ್ಕ ವಸೂಲಿ ಮಾಡುವಂತಿಲ್ಲ. ದೂರು ಬಂದ 48 ಗಂಟೆಗಳಲ್ಲಿ ಅದು ತಲುಪಿದೆಯೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಎಣಿಕೆಯೇ ಅಡಿಪಾಯ

ಇಷ್ಟೆಲ್ಲ ಹೊಂದಾಣಿಕೆಗಳೂ ನಿಂತಿರುವುದು ಕಪಾಟಿನಲ್ಲಿರುವುದು ಪರದೆಯ ಮೇಲಿನ ಅಂಕಿಗೆ ತಾಳೆಯಾಗುತ್ತದೆ ಎಂಬ ಒಂದೇ ನಂಬಿಕೆಯ ಮೇಲೆ. ಮಳಿಗೆಯಲ್ಲಿ ಬಿಲ್ ಹಾಕದೆ ಕೊಟ್ಟ ಒಂದು ಸೀರೆ, ಒಂದೇ ಸೀರೆಗೆ ಎರಡು ಊರಿನವರು ಕೊಟ್ಟ ಎರಡು ಸಂಕೇತ, ಹುಬ್ಬಳ್ಳಿಯಿಂದ ಹೊರಟರೂ ಬೆಂಗಳೂರಿನಲ್ಲಿ ಬಂತೆಂದು ಬರೆಯದ ಗಂಟು ಈ ತಾಳೆಯನ್ನು ಮುರಿಯುತ್ತವೆ. ವರ್ಷಕ್ಕೊಮ್ಮೆ ಅಂಗಡಿ ಮುಚ್ಚಿ ಎಲ್ಲವನ್ನೂ ಎಣಿಸುವ ಬದಲು, ಹೆಚ್ಚು ಬೆಲೆಯ ಮತ್ತು ಬೇಗ ಮಾರಾಟವಾಗುವ ಸರಕನ್ನು ವಾರಕ್ಕೊಮ್ಮೆ, ಉಳಿದದ್ದನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಸರದಿಯಂತೆ ಎಣಿಸುವ ಪದ್ಧತಿ ಈ ಕಾರಣಕ್ಕೇ ಬಳಕೆಗೆ ಬಂದಿದೆ. ಪ್ರತಿ ಸ್ಥಳದ ಅಂಕಿಯನ್ನು ತಿದ್ದುವ ಅಧಿಕಾರ ಆ ಸ್ಥಳದ ಒಬ್ಬರಿಗಷ್ಟೇ ಇರುವುದೂ ಅಷ್ಟೇ ಮುಖ್ಯ, ಏಕೆಂದರೆ ಎಲ್ಲರೂ ತಿದ್ದಬಲ್ಲ ಲೆಕ್ಕಕ್ಕೆ ಯಾರೂ ಹೊಣೆಯಾಗುವುದಿಲ್ಲ.

ಎರಡನೆಯ ಗೋದಾಮು ತೆರೆಯಲು ಹೊರಟ ವ್ಯಾಪಾರಿ ತಂತ್ರಾಂಶ ಆರಿಸುವ ಮುನ್ನ ಮೊದಲ ಗೋದಾಮಿನಲ್ಲಿ ಎಣಿಕೆ ಮತ್ತು ಪರದೆ ಸತತ ಮೂರು ತಿಂಗಳು ಹೊಂದಿಕೊಂಡು ಬಂದಿವೆಯೇ ಎಂದು ನೋಡಿಕೊಳ್ಳುವುದು ಒಳಿತು. ಹೊಂದಿದ್ದರೆ ಯಾವ ತಂತ್ರಾಂಶವಾದರೂ ನಡೆಯುತ್ತದೆ. ಹೊಂದದಿದ್ದರೆ ಎಷ್ಟೇ ದುಬಾರಿಯಾದ ತಂತ್ರಾಂಶವೂ ಒಂದು ಸ್ಥಳದ ತಪ್ಪನ್ನು ಮೂರು ಸ್ಥಳಗಳಿಗೆ ಹಂಚುತ್ತದೆಯೇ ಹೊರತು ಸರಿಪಡಿಸುವುದಿಲ್ಲ.